ಒಂದು ಗೇಣು ಆಳ

ನನ್ನ ಗಂಡನಿಗೆ ಸ್ನೇಹಿತರೆಲ್ಲ ಸೇರಿ ಇಟ್ಟ ಹೆಸರು ತಕ್ಕಡಿ. ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಕೂತು ಬೆಳಗಿನಿಂದ ಸಂಜೆಯವರೆಗೆ ಜನರ ಗಂಟುಮೂಟೆ ತೂಗುವುದು ಅವನ ಕೆಲಸ. ಮನೆಗೆ ಬಂದ ಮೇಲಾದರೂ ಸುಮ್ಮನಿರುತ್ತಾನೆಯೇ ಎಂದರೆ ಅದೂ ಇಲ್ಲ. ರಜೆ ಸಿಕ್ಕಾಗಲೆಲ್ಲ ನಾವಿಬ್ಬರೂ ಬೆನ್ನಿಗೆ ಚೀಲ ಏರಿಸಿಕೊಂಡು ಕಾಡುಬೆಟ್ಟ ಅಲೆಯುವವರು. ಆ ಚೀಲದೊಳಗೆ ಹೋಗುವ ಒಂದೊಂದು ವಸ್ತುವೂ ಮೊದಲು ಅಡುಗೆಮನೆಯ ತಕ್ಕಡಿ ಹತ್ತಿ ಇಳಿಯಬೇಕು. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿದ. ಟವೆಲ್ ಕತ್ತರಿಸಿದ. ಅಂಗಿಯ ಒಳಗಿನ ಲೇಬಲ್ಲನ್ನೂ ಬಿಡಲಿಲ್ಲ. ಹೀಗೇ ಬಿಟ್ಟರೆ ಒಂದು ದಿನ ನನ್ನ ಜಡೆಗೂ ಕತ್ತರಿ ಹಾಕುತ್ತಾನೆ ಎಂದು ನಾನು ರೇಗಿಸುತ್ತಿದ್ದೆ.

ಕೈಸಲಿಕೆಯೂ ಹಾಗೆಯೇ ಬಂದದ್ದು. ಕಾಡಿನಲ್ಲಿ ದಿನಗಟ್ಟಲೆ ನಡೆಯುವವರಿಗೆ ಒಂದಕ್ಕಾದರೆ ಮರದ ಮರೆ ಸಾಕು, ಎರಡಕ್ಕೆ ಸಲಿಕೆ ಬೇಕು. ನೀರಿನಿಂದ ದೂರ ಹೋಗಿ, ಒಂದು ಗೇಣು ಆಳದ ಗುಂಡಿ ತೋಡಿ, ಕೂತು, ಮಣ್ಣು ಮುಚ್ಚಿ, ಏನೂ ನಡೆದೇ ಇಲ್ಲ ಎಂಬ ಮುಖ ಮಾಡಿಕೊಂಡು ವಾಪಸು ಬರಬೇಕು. ಕಾಡಿಗೆ ಕೊಡುವ ಮರ್ಯಾದೆ ಅದು. ಇದಕ್ಕೆಂದೇ ಅಂಗೈಗಿಂತ ತುಸು ಉದ್ದದ ತಗಡಿನ ಸಲಿಕೆಗಳು ಅಂಗಡಿಯಲ್ಲಿ ಸಿಗುತ್ತವೆ. ಇವನು ಇದ್ದುದರಲ್ಲಿ ತೀರ ಹಗುರದ್ದನ್ನು ತಂದು, ಅದೂ ಸಾಲದೆಂದು ಉದ್ದಕ್ಕೂ ಡ್ರಿಲ್ಲಿನಿಂದ ತೂತು ಕೊರೆದ.

"ಇದ್ರಲ್ಲಿ ಹಿಟ್ಟು ಜರಡಿ ಹಿಡೀಬಹುದು ಕಣೋ" ಎಂದೆ.

ಅವನು ಅದನ್ನು ಅಂಗೈಯಲ್ಲಿ ಆಡಿಸುತ್ತ, "ಇದೆಯೋ ಇಲ್ವೋ ಅಂತಾನೇ ಗೊತ್ತಾಗಲ್ಲ ನೋಡು" ಎಂದು ಬೀಗಿದ.

ಆ ಸಲಿಕೆಯಲ್ಲಿಯೇ ಅವನು ನಮ್ಮ ಮಗುವನ್ನು ಮಣ್ಣು ಮಾಡಿದ.

ನಾನಾಗ ನಾಲ್ಕು ತಿಂಗಳ ಬಸುರಿ. ಡಾಕ್ಟರಮ್ಮನನ್ನು ಕೇಳಿಯೇ ಹೊರಟಿದ್ದೆವು. ನಡೆದು ಅಭ್ಯಾಸವಿದ್ದವಳು, ಧಾರಾಳವಾಗಿ ಹೋಗಿ ಬಾ ಎಂದಿದ್ದರು. ರಸ್ತೆಯಿಂದ ಎರಡು ದಿನದ ದಾರಿ ಒಳಗೆ, ಒಂದು ಬೆಳಗಿನ ಜಾವ, ಡೇರೆಯಲ್ಲಿ ಹೊಟ್ಟೆ ಹಿಂಡತೊಡಗಿತು. ಬೆಳಕು ಹರಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ, ಕೂಗಿದರೆ ಓ ಎನ್ನುವವರಿಲ್ಲ. ಇವನು ತನ್ನ ಉಣ್ಣೆಯ ಟೋಪಿಯಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಗೆ ಹೋದ. ನನಗೆ ಏಳಲು ಆಗಲಿಲ್ಲ. ತಗಡು ಕಲ್ಲಿಗೆ ತಾಗುವ ಸದ್ದು ಡೇರೆಯ ಬಟ್ಟೆಯಾಚೆ ಬಹಳ ಹೊತ್ತು ಕೇಳಿಸಿತು. ಅವನು ಒಳಗೆ ಬಂದಾಗ, "ಆಳ ತೋಡಿದ್ಯಾ?" ಎಂದು ಕೇಳಿದೆ.

"ತೋಡಿದೀನಿ. ಸಾಕಷ್ಟು ಆಳ" ಎಂದ.

ಆಮೇಲೆ ಹೇಗೋ ರಸ್ತೆ, ಆಸ್ಪತ್ರೆ, ಸೂಜಿ. "ಯಾರ ತಪ್ಪೂ ಅಲ್ಲಮ್ಮ, ಮನೇಲಿ ಮಲಗಿದ್ರೂ ಆಗ್ತಿತ್ತು" ಎಂದರು ಡಾಕ್ಟರಮ್ಮ. ಅವರ ಆ ಮಾತು, ಇವನ 'ಸಾಕಷ್ಟು ಆಳ' ಎಂಬ ಮಾತು, ಇವೆರಡನ್ನೇ ಹಿಡಿದುಕೊಂಡು ನಾನು ದಿನ ನೂಕಿದೆ. ನಿದ್ದೆ ಬಾರದಾಗ ಅದು ಆಳದಲ್ಲಿ ಬೆಚ್ಚಗೆ ಮಲಗಿದೆ ಎಂದುಕೊಳ್ಳುತ್ತಿದ್ದೆ.

ಇವನು ಮಾತ್ರ ಅಳಲಿಲ್ಲ, ಆಡಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಹಾಗಾದರೆ ಆ ಮಳೆಗಾಲವಿಡೀ ನಮ್ಮ ಮನೆ ಬಂಗಾರದ ಗಣಿ. ಹೊತ್ತಿಗೆ ಸರಿಯಾಗಿ ಉಣ್ಣುವುದು, ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗುವುದು. ನಾನು ಹಲ್ಲಿನ ಆಸ್ಪತ್ರೆಯ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುವವಳು. ಊರವರ ಬಾಯಿಯ ಅಚ್ಚುಗಳೆಲ್ಲ ದಿನವಿಡೀ ನನ್ನ ಮೇಜಿನ ಮೇಲೆ ತೆರೆದುಕೊಂಡಿರುತ್ತವೆ. ಮನೆಯಲ್ಲಿ ಇರುವ ಒಂದು ಬಾಯಿ ತೆರೆಸಲು ನನ್ನಿಂದ ಆಗಲಿಲ್ಲ.

"ಗಂಡಸರೇ ಹಾಗೆ ಕಣೇ. ಹೊತ್ತು ಗೊತ್ತಾ, ಹೆತ್ತು ಗೊತ್ತಾ?" ಎಂದಳು ಅಕ್ಕ ಫೋನಿನಲ್ಲಿ. "ಅಲ್ಲಿ ಕೊರಗೋದು ಸಾಕು, ಬಂದು ನನ್ನ ಹತ್ರ ಇದ್ದುಬಿಡು. ರೂಮು ಖಾಲಿನೇ ಇದೆ."

ನೋಡೋಣ ಎಂದಿದ್ದೆ. ಆಮೇಲೆ ಒಂದು ರಜಾದಿನ, ಕಾಫಿ ಲೋಟ ತೊಳೆಯುತ್ತ ಬೆನ್ನು ತಿರುಗಿಸಿಕೊಂಡೇ ಇವನು ಹೇಳಿದ:

"ಒಂದು ಹೊಸ ಸಲಿಕೆ ತಗೋಬೇಕು. ಹಳೇದು ಬಾಗಿಹೋಗಿದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನಕ್ಕೆ ಬಾಯಿ ಬಿಟ್ಟರೆ ಅದೂ ಸಾಮಾನಿನ ವಿಷಯಕ್ಕೆ. ಮುತ್ತು ಉದುರಿಸಿದ ಮಹಾರಾಯ. ಇನ್ನೂ ಹಗುರದ್ದು ಬಂದಿರಬೇಕು ಮಾರುಕಟ್ಟೆಗೆ, ಅದಕ್ಕೇ ಚಡಪಡಿಕೆ ಎಂದುಕೊಂಡೆ. ನಾನೂ ಬರುತ್ತೇನೆ ಎಂದು ಚಪ್ಪಲಿ ಮೆಟ್ಟಿಕೊಂಡೆ. ಮನಸ್ಸಿನಲ್ಲಿ ಆಗಲೇ ತೀರ್ಮಾನ ಆಗಿತ್ತು: ಇವನು ಎಲ್ಲಕ್ಕಿಂತ ಹಗುರದ್ದನ್ನು ಎತ್ತಿಕೊಂಡು, ಅದೇ ಹಳೆಯ ಮುಖದಲ್ಲಿ ಬೀಗಿದರೆ, ಅಲ್ಲಿಂದಲೇ ಬಸ್ಸು ಹತ್ತಿ ಅಕ್ಕನ ಮನೆಗೆ. ತಿರುಗಿ ನೋಡುವ ಮಾತಿಲ್ಲ.

ಅಂಗಡಿ ಇರುವುದು ಸೈಕಲ್ ರಿಪೇರಿಯವರ ಬೀದಿಯಲ್ಲಿ, ಕಿರಿದಾದ ಮೆಟ್ಟಿಲು ಹತ್ತಿ ಮೇಲೆ. ಹಗ್ಗದ ಸುರುಳಿ, ಡೇರೆಯ ಕೋಲು, ತೂಗುಹಾಕಿದ ಚೀಲಗಳ ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಜಾಗ. ಗೋಡೆ ತುಂಬ ಬೂಟು ಇರುವುದರಿಂದ ಅಂಗಡಿಯವನನ್ನು ಎಲ್ಲರೂ ಬೂಟಣ್ಣ ಎಂದೇ ಕರೆಯುವುದು. ಒಳ್ಳೆಯ ಮನುಷ್ಯ, ಬಾಯಿಗೆ ಮಾತ್ರ ಬೀಗವಿಲ್ಲ. ನಮ್ಮ ವಿಷಯ ಅವನಿಗೆ ಗೊತ್ತಿರಲಿಲ್ಲ.

"ಏನ್ ತಕ್ಕಡಿಯವ್ರೇ, ದಾರಿ ತಪ್ಪಿ ಬಂದ್ರಾ? ಬನ್ನಿ ಅತ್ತಿಗೆ, ಕೂತ್ಕೊಳ್ಳಿ. ಏನ್ ಕೊಡ್ಲಿ?"

"ಕೈಸಲಿಕೆ" ಎಂದ ಇವನು.

"ಓಹೋ, ಬಹಿರ್ದೆಸೆ ಇಲಾಖೆ. ಅಲ್ಲ, ತೂತು ಕೊರೆದಿದ್ರಲ್ಲ, ಅದೇನಾಯ್ತು? ಗಾಳಿಗೆ ಹಾರಿಹೋಯ್ತಾ?"

ಬೇರೆ ದಿನವಾಗಿದ್ದರೆ ನಾನೇ ಮೊದಲು ನಗುತ್ತಿದ್ದೆ. ಬೂಟಣ್ಣ ಕೌಂಟರಿನ ಮೇಲೆ ಸಲಿಕೆಗಳನ್ನು ಹರವಿದ. ಕಿತ್ತಳೆ ಬಣ್ಣದ ಪ್ಲಾಸ್ಟಿಕ್ಕಿನದು, ಅಲ್ಯೂಮಿನಿಯಂ ತಗಡಿನದು, ಬೂದು ಬಣ್ಣದ ಟೈಟಾನಿಯಂ. ಇವರಿಬ್ಬರ ನಡುವೆ ಒಂದು ಹಳೆಯ ಆಟವಿತ್ತು: ಇವನು ಕಣ್ಣು ಮುಚ್ಚಿ ಅಂಗೈ ಚಾಚುವುದು, ಬೂಟಣ್ಣ ಏನಾದರೂ ಇಡುವುದು, ಇವನು ಇಷ್ಟೇ ಗ್ರಾಂ ಎಂದು ಹೇಳುವುದು. ಒಂದು ದಿನವೂ ಸೋತವನಲ್ಲ.

"ಹ್ಞೂಂ, ಚಾಚಿ ಕೈ" ಎಂದ ಬೂಟಣ್ಣ.

ಇವನು ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. "ಬೇಡ. ಇವತ್ತು ಬೇಡ."

"ಸರಿ ಬಿಡಿ. ಈ ಟೈಟಾನಿಯಂದು ನೋಡಿ, ನಿಮಗೋಸ್ಕರಾನೇ ಹುಟ್ಟಿರೋದು. ಜೇಬಲ್ಲಿಟ್ರೆ ಮರ್ತು ಬಟ್ಟೆ ಒಗೆಯಕ್ಕೆ ಹಾಕ್ತೀರ, ಅಷ್ಟು ಹಗುರ."

ಇವನು ಅದನ್ನು ಎತ್ತಿಕೊಂಡ. ಎತ್ತಿದ ಕೂಡಲೇ ಹೊರಡಬೇಕು ಎಂದುಕೊಂಡವಳಿಗೆ ಕಾಲೇ ಏಳಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಇವನನ್ನು ಬಿಟ್ಟು ಹೋಗುವುದು ನನಗೆ ಬೇಡವಾಗಿತ್ತು. ಇವನು ಸಲಿಕೆಯ ತುದಿಯನ್ನು ಕೌಂಟರಿಗೆ ಒತ್ತಿ ಹಿಡಿದು, ಹೆಬ್ಬೆರಳಿನಿಂದ ಅಮುಕಿದ. ಅದು ಸ್ವಲ್ಪ ಬಳುಕಿತು. ಕೆಳಗಿಟ್ಟ.

"ಇದಕ್ಕಿಂತ ಭಾರದ್ದು ಇದೆಯಾ?"

"ಏನಂದ್ರಿ?" ಬೂಟಣ್ಣ ನನ್ನ ಮುಖ ನೋಡಿದ. "ಸೂರ್ಯ ಇವತ್ತು ಯಾವ ಕಡೆ ಹುಟ್ಟಿದ ಅತ್ತಿಗೆ?"

ನನಗೂ ಗೊತ್ತಾಗಲಿಲ್ಲ. ಬೂಟಣ್ಣ ಬಗ್ಗಿ, ಕೆಳಗಿನ ಪೆಟ್ಟಿಗೆಯಿಂದ ದಪ್ಪ ಉಕ್ಕಿನದೊಂದನ್ನು ತೆಗೆದ. ಮರದ ಹಿಡಿ, ಅಗಲವಾದ ಅಲಗು. "ಇದು ಗಿಡ ನೆಡೋರು ತಗೊಳ್ಳೋದು. ಹೊತ್ಕೊಂಡು ಬೆಟ್ಟ ಹತ್ತೋದಕ್ಕಲ್ಲ. ಎಲ್ಲಾ ಬಿಟ್ಟು ಇದ್ಯಾಕೆ?"

"ಕಲ್ಲು ನೆಲದಲ್ಲಿ ತೋಡಿದ್ರೆ ಬಾಗಲ್ಲ ತಾನೆ?"

"ನೀವು ಬಾಗ್ಬೇಕು, ಅದು ಬಾಗಲ್ಲ. ಬೇಕಾದ್ರೆ ನೋಡಿ."

ಗಿರಾಕಿಗಳು ಸಲಿಕೆ ಪರೀಕ್ಷಿಸಲೆಂದು ಅಂಗಡಿಯ ಮೂಲೆಯಲ್ಲಿ ಒಂದು ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ಮಣ್ಣು ಮತ್ತು ಜಲ್ಲಿ ಗಟ್ಟಿಯಾಗಿ ತುಂಬಿಟ್ಟಿದ್ದ. ಇವನು ಅದರ ಮುಂದೆ ಮೊಣಕಾಲೂರಿ ಕೂತ. ಸಲಿಕೆ ಇಳಿಸಿದ. ಕಲ್ಲಿಗೆ ಉಕ್ಕು ತಾಗಿತು, ಅಂದು ಡೇರೆಯಾಚೆ ಕೇಳಿಸಿದ್ದ ಅದೇ ಸದ್ದು. ಬೂಟಣ್ಣ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಗೇಣುದ್ದ ತೋಡಿದ ಮೇಲೆ ಇವನು ತಲೆಯೆತ್ತದೆ ಕೇಳಿದ:

"ಒಂದು ಗೇಣು ಆಳ ಇದ್ರೆ, ಪ್ರಾಣಿಗಳು ಕೆದಕ್ತವಾ?"

"ಗೇಣು ಅವಕ್ಕೆ ಯಾವ ಲೆಕ್ಕ? ನರಿ, ಹಂದಿ, ವಾಸನೆ ಹತ್ತಿದ್ರೆ ಸಾಕು, ಕೆದ್ರಿ ಹಾಕ್ತವೆ. ಹೋಗ್ಲಿ ಬಿಡಿ, ಹೊಲಸು ತಾನೆ, ಅವುಕ್ಕೆ ಬೇಕಂದ್ರೆ ತಗೊಳ್ಲಿ."

ಇವನ ಕೈ ನಿಂತಿತು. ಆಮೇಲೆ ಮತ್ತೆ ತೋಡತೊಡಗಿದ, ಜೋರಾಗಿ. ಮಣ್ಣು ಟಬ್ಬಿನ ಅಂಚು ದಾಟಿ ನೆಲಕ್ಕೆ ಚೆಲ್ಲಿತು. ಜಲ್ಲಿ ಬೂಟುಗಳ ಕಡೆಗೆ ಉರುಳಿತು. ಒಂದು ಗೇಣು ದಾಟಿ, ಮೊಣಕೈವರೆಗೆ ಇಳಿದು, ಸಲಿಕೆ ಟಬ್ಬಿನ ತಳ ಕೆರೆಯಿತು. ಆದರೂ ನಿಲ್ಲಿಸಲಿಲ್ಲ.

"ಅಯ್ಯೋ ಸಾಕು, ಟಬ್ಬು ತೂತಾಗುತ್ತೆ" ಎಂದು ಬೂಟಣ್ಣ ನಕ್ಕ. "ಅಷ್ಟು ಆಳ ಯಾಕೆ? ಏನು ಹೂಳಬೇಕು ನಿಮಗೆ?"

"ಮಗು" ಎಂದ ಇವನು.

ಆ ಶಬ್ದವನ್ನು ಇವನ ಬಾಯಲ್ಲಿ ನಾನು ಅಂದಿನಿಂದ ಕೇಳಿರಲಿಲ್ಲ. ಬೂಟಣ್ಣನ ನಗು ಮುಖದ ಮೇಲೆ ಹಾಗೇ ಉಳಿದುಕೊಂಡಿತು, ಪಾಪ, ಅದನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಇವನು ನನ್ನ ಕಡೆ ತಿರುಗಿದ.

"ನಿಂಗೆ ಸುಳ್ಳು ಹೇಳ್ದೆ ಕಣೇ. ಆಳ ಇರ್ಲಿಲ್ಲ. ಎಲ್ಲಿ ಹಾಕಿದ್ರೂ ಕಲ್ಲು. ಜಾಗ ಬದಲಾಯಿಸ್ದೆ, ಅಲ್ಲೂ ಕಲ್ಲು. ಸಲಿಕೆ ಮಡಚ್ಕೊಂಡ್ಬಿಡ್ತು, ತೂತು ಕೊರೆದಿದ್ನಲ್ಲ, ಅಲ್ಲೇ. ಆಮೇಲೆ ಕೈಯಲ್ಲಿ ಕೆರೆದೆ. ನೀನು ಒಳಗಿಂದ ಕರೀತಾ ಇದ್ದೆ. ರಕ್ತ ಹೋಗ್ತಿತ್ತು ನಿಂಗೆ. ಎಷ್ಟಾಯ್ತೋ ಅಷ್ಟಕ್ಕೇ ಇಟ್ಟು ಮುಚ್ಚಿ ಬಂದೆ." ನಾಲ್ಕು ಬೆರಳು ಜೋಡಿಸಿ ಅಡ್ಡ ಹಿಡಿದು ತೋರಿಸಿದ. "ಇಷ್ಟೇ."

ನಾಲ್ಕು ಬೆರಳು. ಗಿಡದ ಬೀಜವನ್ನೂ ಅದಕ್ಕಿಂತ ಆಳಕ್ಕೆ ಊರುತ್ತಾರೇನೋ. ನನಗೆ ಅವನ ಕೆನ್ನೆಗೆ ಎರಡು ಬಾರಿಸಬೇಕು ಎನ್ನಿಸಿತು. ಆಳದಲ್ಲಿದೆ, ಬೆಚ್ಚಗಿದೆ ಎಂದುಕೊಂಡು ಮಲಗಿದ ಅಷ್ಟೂ ರಾತ್ರಿಗಳನ್ನು ಒಂದೇ ಮಾತಿನಲ್ಲಿ ಕಿತ್ತುಕೊಂಡಿದ್ದ. ಆ ರಾತ್ರಿಗಳಲ್ಲೆಲ್ಲ ಪಕ್ಕದಲ್ಲೇ ಮಲಗಿ ಇವನು ಮನಸ್ಸಿನಲ್ಲೇ ನರಿ ಕೆದಕುವ ಸದ್ದು ಕೇಳಿಸಿಕೊಳ್ಳುತ್ತಿದ್ದ, ಒಬ್ಬನೇ. ಆಸ್ಪತ್ರೆಯಲ್ಲಿ ಇವನ ಉಗುರುಗಳು ಸೀಳಿ ಕಪ್ಪಾಗಿದ್ದದ್ದು ಕಣ್ಣ ಮುಂದೆ ಬಂತು. ಬಾರಿಸಲು ಎತ್ತಿದ ಕೈ ಅವನ ತಲೆಯ ಮೇಲೆ ಹೋಯಿತು.

"ಅವತ್ತಿಂದ ಕೈಯಲ್ಲಿ ಏನಿಟ್ಕೊಂಡ್ರೂ ಅದೇ ತೂಕ ಅನ್ಸುತ್ತೆ" ಎಂದ. "ಕೌಂಟರಲ್ಲಿ ಜನ ಪಾರ್ಸೆಲ್ ಕೊಡ್ತಾರಲ್ಲ, ಇಸ್ಕೊಳ್ಳಕ್ಕೇ ಭಯ. ಅಲ್ಲಿಗೆ ಹೋಗಿ ಆಳ ಮಾಡ್ಬೇಕು."

"ಒಂದು ಮಳೆಗಾಲ ಕಳೆದಿದೆ ಕಣೋ. ಅಲ್ಲಿ ಈಗ ಏನೂ ಇರಲ್ಲ."

"ಗೊತ್ತು."

"ಗೊತ್ತಿದ್ದೂ ಹೋಗ್ಬೇಕಾ?"

"ಗುಂಡಿ ಆದ್ರೂ ಸರಿಯಾಗಿರ್ಲಿ."

ಬೂಟಣ್ಣ ತಲೆ ತಗ್ಗಿಸಿ, "ನಂಗೆ ಗೊತ್ತಿರ್ಲಿಲ್ಲ ಅತ್ತಿಗೆ, ಏನೇನೋ ಅಂದ್ಬಿಟ್ಟೆ" ಎಂದು ಗೊಣಗಿದ. ಉಕ್ಕಿನ ಸಲಿಕೆಯನ್ನು ಇವನ ಕೈಯಿಂದ ಬಿಡಿಸಿ, ತನ್ನ ಅಂಗಿಯ ತುದಿಯಿಂದಲೇ ಒರೆಸತೊಡಗಿದ.

"ಇಂಥದ್ದು ಇನ್ನೊಂದು ಇದೆಯಾ?" ಎಂದು ಕೇಳಿದೆ.

"ಒಳಗೆ ಇರ್ಬೇಕು. ಆದ್ರೆ ಒಂದೇ ಸಾಕಲ್ವಾ ಇಬ್ರಿಗೆ? ಬಹಳ ಭಾರ ಅತ್ತಿಗೆ."

"ನಂಗೂ ಒಂದು ಕೊಡಿ. ಅವತ್ತು ನಾನು ತೋಡಲಿಲ್ಲ."

ಬೂಟಣ್ಣ ಹುಡುಕಲು ಒಳಗೆ ಹೋದ. ನಾನು ಟಬ್ಬಿನ ಪಕ್ಕ ನೆಲದ ಮೇಲೆ ಕೂತೆ. ಇವನ ಹೆಗಲು ಅಲುಗುತ್ತಿತ್ತು. ಮೊದಲು ಸದ್ದಿಲ್ಲದೆ, ಆಮೇಲೆ ಅಂಗಡಿಗೆಲ್ಲ ಕೇಳಿಸುವಂತೆ ಅತ್ತ. ಹೊಸ ಗಿರಾಕಿಗಳಿಬ್ಬರು ಮೆಟ್ಟಿಲ ತುದಿಗೆ ಬಂದು, ನಮ್ಮನ್ನು ನೋಡಿ, ಹಾಗೇ ಇಳಿದು ಹೋದರು. ನೆಲಕ್ಕೆ ಚೆಲ್ಲಿದ ಮಣ್ಣನ್ನು ನಾನು ಕೈಯಲ್ಲಿ ಗೋರಿ ಗುಂಡಿಗೆ ಹಾಕಿದೆ. ಅವನೂ ಹಾಕಿದ. ಅದು ಅಂಚಿನ ಮಟ್ಟಕ್ಕೆ ತುಂಬುವವರೆಗೂ ನಾವಿಬ್ಬರೂ ಹಾಕುತ್ತಲೇ ಇದ್ದೆವು.