ರಂಗೋಲಿ ಮುಟ್ಟದ ಬ್ರೇಕು

ಪ್ರತಿ ಅಮಾವಾಸ್ಯೆಗೆ ಶೈಲಜಾ ಕುಷ್ಟಗಿಯಿಂದ ಯಲಬುರ್ಗಾದ ತವರಿಗೆ ಬಸ್ಸಿನಲ್ಲಿ ಹೋಗುತ್ತಿದ್ದಳು. ಆ ಬಸ್ಸಿನ ಹಿಂದೆಯೇ, ಆಕಳ ಬೆನ್ನು ಹತ್ತಿದ ಕರುವಿನಂತೆ, ಅವಳ ಗಂಡ ಸಿದ್ದೇಶನ ಕಾರು ಹೋಗುತ್ತಿತ್ತು. ನೀಲಿ ಬಣ್ಣದ ಟರ್ಬೊ ಕಾರು. ಇದ್ದ ವೇಗ ಸಾಲದೆಂದು ಹುಬ್ಬಳ್ಳಿಗೆ ಒಯ್ದು, ಅದರ ಎಂಜಿನ್ನಿಗೆ ಕಂಪ್ಯೂಟರ್ ಹಚ್ಚಿಸಿ, ಇನ್ನಷ್ಟು ರೊಚ್ಚಿಗೆಬ್ಬಿಸಿಕೊಂಡು ಬಂದಿದ್ದ. ಅಂಥ ಕಾರು ಬಸ್ಸಿನ ಹೊಗೆ ಕುಡಿಯುತ್ತ ತೆವಳುತ್ತಿತ್ತು. ಮುಂದಿನ ಎಡಗಡೆಯ ಸೀಟು ಖಾಲಿ.

"ಅಕ್ಕಾರ, ನಿಮ್ಮ ಮನಿಯವರು ಇವತ್ತೂ ಬೆನ್ನು ಹತ್ಯಾರ ನೋಡ್ರಿ," ಎಂದು ಕಂಡಕ್ಟರ್ ಕಾಸೀಮಸಾಬ ಟಿಕೆಟ್ ಹರಿಯುತ್ತ ಹೇಳುತ್ತಿದ್ದ. "ಬಸ್ ನಿಂದ್ರಸ್ಲೇನು? ನಿಮಗ ಫ್ರೀ, ಅವರಿಗೆ ಪೂರ್ತಿ ಟಿಕೆಟ್ ಹರೀತೀನಿ."

"ಬ್ಯಾಡ್ರಿ. ನೀವು ಬಸ್ ನಿಂದ್ರಸ್ತೀರಿ. ಅವ್ರ ಗಾಡಿ ನಿಂದ್ರಬೇಕಲ್ಲ?"

ಮಾತು ಸುಳ್ಳಲ್ಲ. ಕಾರು ತಂದ ಹೊಸದರಲ್ಲಿ ಸಿದ್ದೇಶ ಹೆಂಡತಿಯನ್ನು ಕೂರಿಸಿಕೊಂಡು ಮೊದಲ ಸಲ ಅತ್ತೆ ಮನೆಗೆ ಹೊರಟಿದ್ದ. ದಾರಿಯುದ್ದಕ್ಕೂ ಓಡಿಸಿದ್ದೇನು, ತಿರುವಿಗೊಮ್ಮೆ ಒತ್ತಿದ್ದೇನು! ಯಲಬುರ್ಗಾ ಮುಟ್ಟುವಷ್ಟರಲ್ಲಿ ಬ್ರೇಕು ಕಾದು ಕಾದು ಸೋತುಹೋಗಿತ್ತು. ಅತ್ತೆಯ ಓಣಿ ಇಳಿಜಾರು. ಆರತಿ ಹಿಡಿದು ನಿಂತಿದ್ದ ಅತ್ತೆ ವಿರೂಪಾಕ್ಷಮ್ಮನನ್ನು ದಾಟಿ, ಮನೆಯನ್ನೂ ದಾಟಿ, ಕಾರು ಓಣಿಯ ಕೊನೆಗೆ ಹೋಗಿ ಕೊಟ್ರಪ್ಪನ ಮೇವಿನ ಬಣವೆಯೊಳಗೆ ಮೂಗು ತೂರಿಸಿತು. ಯಾರಿಗೂ ಏನೂ ಆಗಲಿಲ್ಲ. ಶೈಲಜಾ ತಲೆಯಲ್ಲಿನ ಹುಲ್ಲು ಕೊಡವುತ್ತ ಇಳಿದಳು, ಅಲ್ಲೇ ಷರತ್ತು ಹಾಕಿದಳು.

"ನಮ್ಮವ್ವ ಬಾಗಿಲ ಮುಂದ ಹಾಕಿದ ರಂಗೋಲಿ ಮುಟ್ಟದಂಗ ಗಾಡಿ ನಿಂದ್ರಿಸಿ ತೋರಸ್ರಿ. ಅವತ್ತು ಕೂಡ್ತೀನಿ. ಅಲ್ಲೀತನಕ ನನಗ ಬಸ್ಸ ಪಾಡ."

ಸಿದ್ದೇಶನಿಗೆ ಕುಷ್ಟಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇತ್ತು. ಅಂದಿನಿಂದ ಅಂಗಡಿಗೆ ಬಂದ ರೈತರು ಸಜ್ಜೆಯ ಬೀಜ ಕೇಳಿದರೆ, ಅವನು ಫೋನಿನಲ್ಲಿ ಬ್ರೇಕಿನ ವಿಡಿಯೊ ನೋಡುತ್ತ ಹೆಸರಿನ ಬೀಜ ತೂಗಿಕೊಡತೊಡಗಿದ. ಖಾಲಿ ಸೀಟು ಅವನನ್ನು ತಿನ್ನುತ್ತಿತ್ತು. ಹೆಂಡತಿ ಕೂರದ ಕಾರಿನ ವೇಗವನ್ನು ಯಾರಿಗೆ ತೋರಿಸುವುದು?

ಕೊನೆಗೆ ಕೊಪ್ಪಳದ ಮಂಜೂರನ ಗ್ಯಾರೇಜಿಗೆ ಹೋದ. ಮಂಜೂರ ಅವನಿಗೆ ಶಾಲೆಯ ದಿನಗಳಿಂದ ಗೆಳೆಯ. ಒಬ್ಬ ಓಡಿದರೆ ಇನ್ನೊಬ್ಬ ಹಾರುವ ಪೈಕಿ, ಯಾರೂ ಯಾರನ್ನೂ ತಡೆಯುವವರಲ್ಲ. ಬ್ರೇಕು ಕೊಳ್ಳುವುದಕ್ಕೆ ಇದಕ್ಕಿಂತ ಅಪಾಯದ ಗೆಳೆತನ ಬೇರೆ ಇಲ್ಲ.

"ತೂತಿನ ಡಿಸ್ಕ್ ಹಾಕು," ಅಂದ ಸಿದ್ದೇಶ. ಗಾಲಿಯ ಜೊತೆ ತಿರುಗುವ ಆ ಉಕ್ಕಿನ ತಟ್ಟೆಯ ಚಿತ್ರವನ್ನು ಫೋನಿನಲ್ಲಿ ತೋರಿಸಿದ. "ತೂತಿನಾಗ ಗಾಳಿ ಆಡಿ ತಣ್ಣಗಿರ್ತೈತಿ."

"ನಮ್ಮ ರಸ್ತೆದಾಗ ಗಾಳಿಗಿಂತ ಎರಿ ಮಣ್ಣು ಹೆಚ್ಚಿಗಿ ಆಡ್ತೈತಿ, ದೋಸ್ತ. ತೂತ ತುಂಬಿ ನೀ ಅದರಾಗ ಶೇಂಗಾ ಬಿತ್ತಬೇಕಾಕ್ಕೈತಿ."

"ಹಂಗಾರ ರೇಸ್ ಪ್ಯಾಡ್ ಹಾಕು."

"ಆ ಪ್ಯಾಡ್ ಕಾದ ಮ್ಯಾಲೆನ ಡಿಸ್ಕ್ ಹಿಡಿಯೂದು. ಅತ್ತಿ ಮನಿಗೆ ಹೋಗೂಕಿಂತ ಮೊದಲ ಊರಿಗೊಂದು ಸುತ್ತು ಹೊಡದು ಕಾಸ್ಕೊಂಡು ಹೋಗ್ತಿಯೇನು?"

"ಹೊಡೀತೀನಿ."

"ಹೊಡೀತಿ ಬಿಡು, ಹೊಡ್ಯಾಂವನ ನೀ," ಎಂದ ಮಂಜೂರ, ತುಸು ಗೌರವದಿಂದಲೇ.

ಆಮೇಲೆ ದೊಡ್ಡ ಕ್ಯಾಲಿಪರಿನ ಮಾತು ಬಂತು. ಡಿಸ್ಕನ್ನು ಎರಡೂ ಕಡೆಯಿಂದ ಪ್ಯಾಡುಗಳ ನಡುವೆ ಅಮುಕಿ ಹಿಡಿಯುವ ಮುಷ್ಟಿ ಅದು. ಮುಷ್ಟಿ ದೊಡ್ಡದಾದರೆ ಈಗಿನ ಗಾಲಿಯೊಳಗೆ ಹಿಡಿಸುವುದಿಲ್ಲ. ಗಾಲಿ ದೊಡ್ಡದು ಮಾಡಿದರೆ ಟೈರು ಕಟಕ ರೊಟ್ಟಿಯಷ್ಟು ತೆಳ್ಳಗಾಗಬೇಕು. ಅಷ್ಟು ತೆಳ್ಳಗಿನ ಟೈರು ಕುಕನೂರಿನ ದಾರಿಯ ತಗ್ಗಿನಲ್ಲಿ ಬಿದ್ದರೆ ಕಾರಿನ ಸೊಂಟವೇ ಉಳುಕುತ್ತದೆ, ಸೊಂಟಕ್ಕೂ ಏನಾದರೂ ಹಾಕಿಸಬೇಕು. ಬ್ರೇಕು ಕೊಳ್ಳಲು ಕೂತವರು ಮೂರನೆಯ ಚಹಾಕ್ಕೆ ಬೇರೆ ಕಾರನ್ನೇ ಕೊಳ್ಳುವ ಅಂಚಿಗೆ ಬಂದು, ಹೆದರಿ, ಹಿಂದೆ ಸರಿದರು. ಗೀರು ಕೊರೆದ ಡಿಸ್ಕು, ರಸ್ತೆಗೆಂದೇ ಮಾಡಿದ ಗಟ್ಟಿ ಪ್ಯಾಡು, ಉಕ್ಕಿನ ಎಳೆ ಹೆಣೆದ ಬ್ರೇಕಿನ ಕೊಳವೆ ಎಂದು ತೀರ್ಮಾನವಾಯಿತು. ಕ್ಯಾಲಿಪರು ಹಳೆಯದೇ ಇರಲಿ, ಬಣ್ಣ ಮಾತ್ರ ಹೊಸದು.

ಬಣ್ಣದ ಜಗಳ ಉಳಿದೆಲ್ಲದಕ್ಕಿಂತ ದೊಡ್ಡದಾಯಿತು. ಸಿದ್ದೇಶನಿಗೆ ಕೆಂಪೇ ಬೇಕು. ಕೆಂಪು ಎಲ್ಲರೂ ಬಳಿಸುತ್ತಾರೆ, ಗಿಳಿಯಂಥ ಪೋಪಟಿ ಹಸಿರಾದರೆ ಜಿಲ್ಲೆಗೇ ಒಂದು ಎಂದು ಮಂಜೂರ ಹಟ ಹಿಡಿದ. ಗೆಳೆತನ ಉಳಿಯಬೇಕಿತ್ತು. ಮುಂದಿನವು ಕೆಂಪು, ಹಿಂದಿನವು ಹಸಿರು ಆದವು.

ಎಲ್ಲ ಜೋಡಿಸಿ, ಖಾಲಿ ರಸ್ತೆಯಲ್ಲಿ ಮತ್ತೆ ಮತ್ತೆ ಓಡಿಸಿ ಒತ್ತಿ, ಪ್ಯಾಡನ್ನು ಡಿಸ್ಕಿಗೆ ಹೊಂದಿಸಿಕೊಟ್ಟು ಮಂಜೂರ ಹೇಳಿದ, "ಡಿಸ್ಕಿಗೆ ಕೈ ಹಚ್ಚಬ್ಯಾಡ. ಜಿಡ್ಡು ತಾಗಿತಂದ್ರ ಕಥಿ ಮುಗೀತು. ಮನಿಯಾಗೂ ಎಲ್ಲಾರಿಗೂ ಹೇಳು."

ಸಿದ್ದೇಶ ಮನೆಯಲ್ಲಿ ಎಲ್ಲರಿಗೂ ಹೇಳಿದ. ಕುಷ್ಟಗಿಯ ಮನೆಯಲ್ಲಿ.

ಅಮಾವಾಸ್ಯೆ ಬಂತು. ಶೈಲಜಾ ಎಂದಿನಂತೆ ಬಸ್ಸಿನಲ್ಲಿ ಮುಂದೆ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ರಂಗೋಲಿಯ ಪಕ್ಕ ನಿಂತಿದ್ದಳು. ವಿರೂಪಾಕ್ಷಮ್ಮ ಅಂದು ಓಣಿಯ ಅರ್ಧ ಅಗಲಕ್ಕೆ ರಂಗೋಲಿ ಬಿಡಿಸಿದ್ದಳು. ಜನ ತಮ್ಮ ತಮ್ಮ ಕಟ್ಟೆಯ ಮೇಲೆ ಕೂತಿದ್ದರು. ಕೊಟ್ರಪ್ಪ ಮಾತ್ರ ನಿಶ್ಚಿಂತೆಯಿಂದ ಎಲೆ ಅಡಿಕೆ ಹಾಕುತ್ತಿದ್ದ. ಓಣಿಯ ತುದಿಯ ಬಣವೆಯನ್ನು ಅವನು ಆಗಲೇ ಕಿತ್ತು, ಎಡಕ್ಕೆ ತಿರುಗಿದರೆ ಸಿಗುವ ಹಿತ್ತಿಲಲ್ಲಿ ಒಟ್ಟಿಸಿದ್ದ. "ಅಲ್ಲಿಗೆ ಹಕ್ಕಿ ಬರಬೇಕು, ಅಳಿಯಾರು ಬರೂದು ಸಾಧ್ಯ ಇಲ್ಲ," ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದ.

ನೀಲಿ ಕಾರು ಇಳಿಜಾರಿನಲ್ಲಿ ಕಾಣಿಸಿತು. ಸಿದ್ದೇಶ ರಂಗೋಲಿಯ ಮೇಲೆ ಕಣ್ಣಿಟ್ಟು ಬ್ರೇಕಿಗೆ ಕಾಲು ಕೊಟ್ಟ. ಒತ್ತಿದ. ಯಾರೋ ಕೊರಳಪಟ್ಟಿ ಹಿಡಿದು ಎಳೆದಂತೆ ಕಾರು ನಿಂತಿತು. ಶೈಲಜಾ ಬಗ್ಗಿ ನೋಡಿದಳು. ಗಾಲಿಗೂ ರಂಗೋಲಿಗೂ ನಡುವೆ ಒಂದು ಗೇಣು. ಒಂದು ಕೋಳಿ ಆ ಗೇಣಿನೊಳಗಿಂದ ಆರಾಮಾಗಿ ದಾಟಿಹೋಯಿತು.

"ಚುಕ್ಕಿ ಎಲ್ಲಾ ಅದಾವು," ಎಂದಳು ಶೈಲಜಾ. ಅವಳ ಮುಖದಲ್ಲಿ ನಗು ಬರಲೋ ಬೇಡವೋ ಎಂದು ನಿಂತಿತ್ತು. "ಊಟಾ ಮಾಡ್ರಿ. ಹೋಗೂವಾಗ ನಾನೂ ಕಾರಿನಾಗ ಬರ್ತೀನಿ."

"ಗಾಲಿಯೊಳಗ ಏನ್ರಿ ಅವು, ಅಳಿಯಾರ?" ಎಂದು ಕೊಟ್ರಪ್ಪ ಬಗ್ಗಿ ಇಣುಕಿದ. "ಮೆಣಸಿನಕಾಯಿ ಹೊಲದಂಗ ಐತಿ. ಮುಂದ ಹಣ್ಣು, ಹಿಂದ ಕಾಯಿ."

ಸಿದ್ದೇಶ ಅಂದು ತಿಂದ ಹೋಳಿಗೆಗೆ ಲೆಕ್ಕವಿಲ್ಲ. ಉಂಡು ಹೊರಬಂದರೆ ಕಾರಿಗೆ ವಿಭೂತಿ, ಕುಂಕುಮ, ಗಾಲಿಗಳಡಿ ನಿಂಬೆಹಣ್ಣು. ಅಮಾವಾಸ್ಯೆಯ ಪೂಜೆ. ವಿರೂಪಾಕ್ಷಮ್ಮ ಕೈ ಒರೆಸಿಕೊಳ್ಳುತ್ತ ಸಂತೃಪ್ತಿಯಿಂದ ನಿಂತಿದ್ದಳು. ಎಲ್ಲಿಂದಲೋ ಔಡಲ ಎಣ್ಣೆಯ, ಅಂದರೆ ಹರಳೆಣ್ಣೆಯ, ವಾಸನೆ ಬರುತ್ತಿತ್ತು. ಅತ್ತೆ ತಲೆಗೆ ಹಚ್ಚಿಕೊಂಡಿರಬೇಕು ಎಂದುಕೊಂಡ ಸಿದ್ದೇಶ.

ಶೈಲಜಾ ಮುಂದಿನ ಸೀಟಿನಲ್ಲಿ ಕೂತಳು. ಬೆಲ್ಟ್ ಕಟ್ಟಿಕೊಂಡಳು. ನಿಂಬೆಹಣ್ಣು ಪಟಪಟನೆ ಒಡೆದವು. ಕಾರು ಇಳಿಜಾರಿನಲ್ಲಿ ಹೊರಟಿತು. ಓಣಿಯ ತುದಿಗೆ ಎಡ ತಿರುವು. ಸಿದ್ದೇಶ ಮೆಲ್ಲಗೆ ಬ್ರೇಕು ಒತ್ತಿದ. ಪೆಡಲು ಕಲ್ಲಿನಷ್ಟು ಗಟ್ಟಿ ಇತ್ತು, ಕಾರು ಮಾತ್ರ ಗರಡಿಯ ಪೈಲವಾನನಂತೆ ನುಣುಚಿಕೊಂಡು ಮುಂದೆ ಹೋಯಿತು. ಇನ್ನಷ್ಟು ಒತ್ತಿದ. ನಾಲ್ಕೂ ಗಾಲಿಯಿಂದ ಹೊಗೆ ಬಂತು, ಹಿಡಿತ ಬರಲಿಲ್ಲ. ಅವನು ಬಲು ಜಾಣತನದಿಂದ ಎಡಕ್ಕೆ ತಿರುಗಿಸಿ, ಎದುರಿನ ಗೋಡೆ ತಪ್ಪಿಸಿ, ನೇರವಾಗಿ ಹೊಸ ಬಣವೆಯೊಳಗೆ ಹೋದ.

ಹುಲ್ಲು ನಿಧಾನಕ್ಕೆ ಗಾಜಿನ ಮೇಲೆ ಇಳಿಯಿತು. ಓಣಿಗೆ ಓಣಿಯೇ ಓಡಿಬಂತು. ಎಲ್ಲರಿಗಿಂತ ಮುಂದೆ ಕೊಟ್ರಪ್ಪ.

"ಅಲ್ರಿ ಅಳಿಯಾರ, ನಿಮ್ಮ ಸಲುವಾಗಿ ಬಣವಿ ಕಿತ್ತು ಇಲ್ಲಿಟ್ಟೆ. ಹುಡ್ಕೊಂಡು ಬಂದ್ರಲ್ರಿ!"

"ಬ್ರೇಕ್ ಹಿಡೀಲಿಲ್ರಿ ಕಾಕಾ."

"ಹೆಂಗ ಹಿಡಿಯೂದಿಲ್ಲ?" ಎಂದು ಹಿಂದಿನಿಂದ ವಿರೂಪಾಕ್ಷಮ್ಮ. "ಚಂದಂಗ ಎಣ್ಣಿ ಹಚ್ಚೇನಿ."

"ಯಾತಕ್ಕ ಹಚ್ಚಿದ್ರಿ?"

"ಗಾಲಿಯೊಳಗಿನ ತಟ್ಟಿಗೆ. ನಾಲ್ಕಕ್ಕೂ, ಕೈ ಹಾಕಿ. ಹೊಸಾ ಕಬ್ಬಣ ಒಣಗಿಟ್ಟೀರಲ್ರಿ ಅಳಿಯಾರ! ಕುಡಗೋಲು ತಂದ್ರೂ ಕೊಡ್ಲಿ ತಂದ್ರೂ ನಮ್ಮ ಮನಿಯಾಗ ಎಣ್ಣಿ ಹಚ್ಚದ ಕೆಲಸಕ್ಕ ಇಳಸೂದಿಲ್ಲ."

ಸಿದ್ದೇಶ ಮಂಜೂರನಿಗೆ ಫೋನು ಹಚ್ಚಿದ. ನಡೆದದ್ದನ್ನೆಲ್ಲ ಹೇಳಿದ.

"ಯಾವ ಎಣ್ಣಿ?"

"ಔಡಲ ಎಣ್ಣಿ."

"ಛಲೋ ಎಣ್ಣಿ," ಎಂದು ಮಂಜೂರ ನಿಟ್ಟುಸಿರು ಬಿಟ್ಟ. "ಪ್ಯಾಡ್ ಕುಡದು ಕುಂತಿರ್ತಾವು, ಅವು ಹೋದ್ವು. ಒಂದು ಮಾರೂ ಓಡಸಬ್ಯಾಡ. ಟ್ರ್ಯಾಲಿ ಮ್ಯಾಲೆ ಹೇರ್ಕೊಂಡು ಬಾ."

ಸಿದ್ದೇಶ ಫೋನಿಟ್ಟು ಹೆಂಡತಿಯ ಕಡೆ ತಿರುಗಿದ. ಹಾಳಾದ ಬ್ರೇಕಿಗಿಂತ ಹಳೆಯ ಷರತ್ತು ಹೆಚ್ಚು ನೋಯುತ್ತಿತ್ತು. "ಇಳಿ, ಶೈಲಾ. ಕುಷ್ಟಗಿ ಬಸ್ಸು ಬರೂ ಹೊತ್ತಾತು."

ಶೈಲಜಾ ಬೆಲ್ಟನ್ನು ಇನ್ನಷ್ಟು ಬಿಗಿದುಕೊಂಡಳು. "ರಂಗೋಲಿ ಮುಂದ ನಿಂತಿತ್ತಿಲ್ಲೋ?"

"ನಿಂತಿತ್ತು."

"ಮತ್ತ? ಬ್ರೇಕಿಂದೇನು ತಪ್ಪೈತಿ? ತಪ್ಪೆಲ್ಲಾ ನಮ್ಮವ್ವಂದು. ಕೂಡ್ತೀನಂತ ಹೇಳೇನಿ, ಕುಂತೇನಿ. ನಾ ಇಳ್ಯೂದಿಲ್ಲ."

ಇಳಿಯಲೂ ಇಲ್ಲ. ಕೊಟ್ರಪ್ಪ ಟ್ರ್ಯಾಕ್ಟರ್ ತಂದ. ಓಣಿಯವರು ಹಲಗೆ ಹಾಕಿ ಕಾರನ್ನು ಟ್ರ್ಯಾಲಿಗೆ ನೂಕಿ, ಗಾಲಿಗಳಿಗೆ ಕಲ್ಲು ಕೊಟ್ಟು, ಹಗ್ಗದಿಂದ ಬಿಗಿದರು. ಅವಳು ಮುಂದಿನ ಸೀಟಿನಲ್ಲಿ ಕೂತೇ ಇದ್ದಳು. ಬೇರೆ ದಾರಿ ಕಾಣದೆ ಸಿದ್ದೇಶನೂ ಹತ್ತಿ ಸ್ಟೇರಿಂಗಿನ ಹಿಂದೆ ಕೂತ. ಮೆರವಣಿಗೆ ಕೊಪ್ಪಳದ ಕಡೆ ಹೊರಟಿತು.

ಊರ ಹೊರಗೆ ಕುಷ್ಟಗಿಯಿಂದ ಕೊಪ್ಪಳಕ್ಕೆ ಹೋಗುವ ಬಸ್ಸು ಹಿಂದಿನಿಂದ ಬಂದು ಪಕ್ಕಕ್ಕೆ ಸಮನಾಯಿತು. ಬಾಗಿಲಲ್ಲಿ ಕಾಸೀಮಸಾಬ. ಇಬ್ಬರೂ ಅವನ ಕಣ್ಣಿನ ಎತ್ತರಕ್ಕಿಂತ ಮೇಲಿದ್ದರು.

"ಅಕ್ಕಾರ! ಅಂತೂ ಕುಂತ್ರಿ!"

"ಕುಂತ್ನಿರಿ!"

"ಈಗರ ನಿಂದ್ರತೈತೇನ್ರಿ ಗಾಡಿ?"

"ಕೊಟ್ರಪ್ಪ ಕಾಕಾ ನಿಂದ್ರಿಸಿದ್ರ ನಿಂದ್ರತೈತ್ರಿ!" ಎಂದು ಸಿದ್ದೇಶ ಕೂಗಿದ. ಬಸ್ಸಿನ ಕಿಟಕಿಗಳೆಲ್ಲ ನಕ್ಕವು.

ಕುಕನೂರಿನ ಹತ್ತಿರ ರಸ್ತೆಗೆ ಅಡ್ಡಲಾಗಿ ಕುರಿಗಳು ಬಂದವು. ಸಿದ್ದೇಶನ ಕಾಲು ತಾನಾಗಿಯೇ ಬ್ರೇಕು ಒತ್ತಿತು. ಅದೇ ಹೊತ್ತಿಗೆ ಕೊಟ್ರಪ್ಪನೂ ಒತ್ತಿದ. ಟ್ರ್ಯಾಕ್ಟರು, ಟ್ರ್ಯಾಲಿ, ಕಾರು ಎಲ್ಲ ಕುರಿಗಳಿಗೆ ಒಂದು ಗೇಣು ಮೊದಲೇ ನಿಂತವು.

"ನೋಡಿದೇನು?" ಎಂದ ಸಿದ್ದೇಶ.

"ನೋಡಿದ್ನಿ," ಎಂದಳು ಶೈಲಜಾ, ಅವನ ಕಿವಿಯ ಹಿಂದಿನ ಹುಲ್ಲುಕಡ್ಡಿ ತೆಗೆಯುತ್ತ. "ಭಾಳ ಛಲೋ ಹಿಡೀತೈತ್ರಿ."