ಸೈನಬರ ಹಾರೈಕೆ ಮಂತ್ರ

ಭಾನುವಾರ ಸಂಜೆ ಮೆಲ್ಕಾರಿನ ಫಾಝಿಲನ ಮನೆಯ ಊಟದ ಮೇಜು ಆಟದ ಮೇಜಾಗುತ್ತಿತ್ತು. ಫಾಝಿಲ್ ಕಥೆ ಹೇಳುವವನು. ಅವನ ಗೆಳೆಯರಾದ ನಿತೇಶ್, ತೃಪ್ತಿ ಕಥೆಯೊಳಗಿನ ವೀರರು. ದಾಳ ಹೇಳಿದಂತೆ ಅವರ ಹಣೆಬರಹ. ಇನ್ನೊಬ್ಬರು ಫಾಝಿಲ್ ಉಮ್ಮ ಎಂದು ಕರೆಯುವ ತಾಯಿ ಸೈನಬ, ಆಟದಲ್ಲಿ ವೈದ್ಯೆ. ಮಗಳು ನುಸ್ರತ್ ಮದುವೆಯಾಗಿ ಫರಂಗಿಪೇಟೆಗೆ ಹೋದ ಮೇಲೆ ಮಾತೇ ಕಡಿಮೆ ಮಾಡಿದ್ದ ಉಮ್ಮನನ್ನು ಅವನೇ ಗೋಗರೆದು ಕೂರಿಸಿದ್ದ.

ಕೂತದ್ದೇನೋ ಸರಿ. ಆದರೆ ವೈದ್ಯೆಗೆ ಹಾರೈಕೆಯ ಮಂತ್ರವೊಂದಿತ್ತು. ಹಾರೈಸಿದರೆ ಜೊತೆಗಾರನಿಗೆ ಎಸೆಯಲು ಒಂದು ದಾಳ ಹೆಚ್ಚು, ದೊಡ್ಡ ಸಂಖ್ಯೆ ಬಿದ್ದರೆ ಗೆಲುವು. ಖರ್ಚಿಲ್ಲದ ಮಂತ್ರ ಉಮ್ಮನ ಕೈಗೆ ಸಿಕ್ಕರೆ ಕೇಳಬೇಕೆ? ನಿತೇಶ್ ಗೋಡೆ ಹತ್ತಿದರೂ ಹಾರೈಕೆ, ಬಾಗಿಲು ತಟ್ಟಿದರೂ ಹಾರೈಕೆ. ಮನೆಯಿಂದ ಯಾರು ಹೊರಟರೂ ಗೇಟಿನ ತನಕ ಬಂದು ದುವಾ ಮಾಡಿ ಹಾರೈಸುವ ಹೆಂಗಸು ಅವರು.

"ಎಂತ ಮಾರಾಯ, ಹೀಗಾದ್ರೆ ನಾವು ಸೋಲುವುದೇ ಇಲ್ಲ. ಆಟದಲ್ಲಿ ಮತ್ತೆ ಎಂತ ಉಂಟು?" ಎಂದು ನಿತೇಶ್ ಫಾಝಿಲನ ಕಿವಿಯಲ್ಲಿ ಗೊಣಗಿದ. ನೇರವಾಗಿ ಬೇಡವೆಂದರೆ ಉಮ್ಮ ಎದ್ದು ಹೋಗುವವರು, ಮತ್ತೆ ಕೂರುವವರಲ್ಲ. ಫಾಝಿಲನಿಗೆ ಹೆದರಿಕೆಯಿದ್ದದ್ದು ಅದೇ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

"ಇನ್ನು ಹಾರೈಸುವವರು ಜೊತೆಗಾರನ ಕೈ ಹಿಡೀಬೇಕು. ಅವನು ಬಿದ್ರೆ ಹಿಡಿದವರೂ ಬೀಳ್ತಾರೆ," ಎಂದು ಹೊಸ ನಿಯಮ ತಂದ. ಉಮ್ಮ ಹೆದರಿ ಹಾರೈಕೆ ಕಡಿಮೆ ಮಾಡುತ್ತಾರೆ ಅಂದುಕೊಂಡ, ಪೆದ್ದ! ಹೆತ್ತವಳಿಗೆ ಅಪಾಯ ತೋರಿಸಿದರೆ ಹಿಂದೆ ಸರಿಯುತ್ತಾಳೆಯೇ?

ನಿತೇಶ್ ಮುರುಕು ಸೇತುವೆಗೆ ಕಾಲಿಟ್ಟದ್ದೇ ತಡ, "ನಾನು ಕೈ ಹಿಡೀತೇನೆ," ಎಂದರು ಸೈನಬ. ದಾಳ ಕೈಕೊಟ್ಟಿತು. ಇಬ್ಬರೂ ಹೊಳೆಗೆ ಬಿದ್ದರು. ನಿತೇಶನ ವೀರ ಈಜಿ ದಡ ಸೇರಿದ. ಈಜು ಬಾರದ ವೈದ್ಯೆ ಸೆಳವಿಗೆ ಸಿಕ್ಕಳು. ಇನ್ನೊಂದು ಸಲ ದಾಳ ಎಸೆಯಬೇಕು, ಸಣ್ಣ ಸಂಖ್ಯೆ ಬಿದ್ದರೆ ಅವಳ ಕಥೆ ಮುಗಿಯಿತು.

ಫಾಝಿಲ್ ತಾನೇ ಮಾಡಿದ ನಿಯಮವನ್ನು ಮುರಿಯುವಂತಿಲ್ಲ.

"ಹೋಗ್ಲಿ ಮಗಾ, ನೀನು ಉಳಿದೆಯಲ್ಲ," ಎಂದು ಸೈನಬ ನಿತೇಶನಿಗೆ ಹೇಳಿ ಕುರ್ಚಿ ಹಿಂದೆ ಸರಿಸಿದರು.

"ಕೂತ್ಕೊಳ್ಳಿ ಆಂಟಿ! ನಾನು ವಾಪಸ್ ನೀರಿಗೆ ಹಾರ್ತೇನೆ. ನಿಮ್ಮ ಕೈ ಹಿಡೀತೇನೆ," ಎಂದ ನಿತೇಶ್.

"ನಿನಗೆ ಮಂತ್ರ ಬರುವುದಿಲ್ಲ," ಎಂದ ಫಾಝಿಲ್.

"ಕೈ ಹಿಡೀಲಿಕ್ಕೆ ಎಂತ ಮಂತ್ರ ಮಾರಾಯ?"

"ನಾನೂ ಹಾರ್ತೇನೆ," ಎಂದವಳೇ ತೃಪ್ತಿ, ಉಮ್ಮ ಏಳದಂತೆ ಅವರ ತೋಳನ್ನು ನಿಜವಾಗಿಯೇ ಹಿಡಿದುಬಿಟ್ಟಳು.

"ನೀವೂ ಮುಳುಗ್ತೀರಿ ಮಕ್ಕಳೇ, ಬಿಡಿ," ಎಂದರು ಸೈನಬ. ತಮಗಾಗಿ ಯಾರಾದರೂ ಹಾರೈಸಿದರೆ ಏನು ಮಾಡಬೇಕೆಂದು ಅವರಿಗೆ ಗೊತ್ತೇ ಇರಲಿಲ್ಲ. ಫಾಝಿಲ್ ಎರಡು ದಾಳ ಹೆಚ್ಚಿಗೆ ಉಮ್ಮನ ಮುಂದಿಟ್ಟ. ಅಷ್ಟು ಪ್ರೀತಿ ಅವನಿಗೆ ಆ ಗೆಳೆಯರ ಮೇಲೆ ಎಂದೂ ಬಂದಿರಲಿಲ್ಲ.

ಮೂರೂ ದಾಳ ಉರುಳಿದವು. ವೈದ್ಯೆ ದಡ ಸೇರಿದಳು.

ಸೈನಬ ಕಣ್ಣೊರೆಸಿಕೊಂಡು ಕುರ್ಚಿಯನ್ನು ಮೇಜಿಗೆ ಎಳೆದುಕೊಂಡರು.

"ಈಗ ಮುಂದೆ ನಾನು ಹೋಗ್ತೇನೆ," ಎಂದರು. "ನೀವು ಹಿಂದಿನಿಂದ ಬನ್ನಿ."