ಉಕ್ಕುವ ದ್ರವದ ಷರತ್ತು

ಏನಾದರೂ ತಡವಾದರೆ ನಿರುಪಮಾಳಿಗೆ ಸಿಟ್ಟಿಗಿಂತ ಮೊದಲು ಕುತೂಹಲ ಬರುತ್ತಿತ್ತು. ಲಾಸ್ ಏಂಜಲಿಸ್ ಪಕ್ಕದ ಸ್ಯಾನ್ ಪೀಡ್ರೊ ಬಂದರಿನ ಆಫೀಸಿನಲ್ಲಿ ಅವಳ ಕೆಲಸವೂ ಅದೇ, ಯಾವ ಹಡಗು ಯಾಕೆ ತಡವಾಯಿತೆಂದು ಪತ್ತೆ ಮಾಡುವುದು. ಮಂಜು ಎಂದರೆ ಎಲ್ಲಿಯ ಮಂಜು, ರಿಪೇರಿ ಎಂದರೆ ಯಾವುದರ ರಿಪೇರಿ ಎಂದು ಬೆನ್ನು ಬಿಡದೆ ಕೇಳುವವಳು. ಅಂಥವಳ ಸ್ವಂತ ಮನೆಯ ಮಾರಾಟವೇ ೨೦೧೪ರ ಬೇಸಿಗೆಯಲ್ಲಿ ಕಾರಣ ಹೇಳದೆ ನಿಂತುಬಿಟ್ಟಿತು.

ಮನೆ ಇದ್ದದ್ದು ಬಂದರಿನಿಂದ ನೂರು ಮೈಲಿ ದೂರದ ರಾಂಚೊ ಬರ್ನಾರ್ಡೊದಲ್ಲಿ. ಗಂಡ ಉದಯಶಂಕರ, ಮಗಳು ಅಪೇಕ್ಷಾ ಅಲ್ಲಿ. ನಿರುಪಮಾ ವಾರವಿಡೀ ಬಂದರಿನ ಹತ್ತಿರದ ಬಾಡಿಗೆ ಕೋಣೆಯಲ್ಲಿ. ಶುಕ್ರವಾರ ಸಂಜೆ ಟ್ರಾಫಿಕ್ಕಿನಲ್ಲಿ ಹಣ್ಣಾಗಿ ಮನೆ ಸೇರಿದರೆ ಭಾನುವಾರ ಸಂಜೆ ಮತ್ತೆ ಹೊರಡಬೇಕು. ಎರಡು ವರ್ಷ ಹೀಗೇ ಕಳೆದಿತ್ತು. ಈಗ ಉದಯಶಂಕರನಿಗೂ ಲಾಸ್ ಏಂಜಲಿಸ್ ಕಡೆ ಕೆಲಸ ಸಿಕ್ಕಿ, ಸ್ಯಾನ್ ಪೀಡ್ರೊದಲ್ಲಿ ಪುಟ್ಟ ಮನೆಯೊಂದನ್ನು ನೋಡಿಟ್ಟಿದ್ದರು. ಇದು ಮಾರಾಟವಾಗದೆ ಅದನ್ನು ಕೊಳ್ಳುವಂತಿರಲಿಲ್ಲ. ಆ ಮನೆಯವನೋ, ಆಗಸ್ಟ್ ಮೊದಲ ವಾರ ದಾಟಿದರೆ ಬೇರೆಯವರಿಗೆ ಕೊಡುತ್ತೇನೆ ಎಂದು ಹೇಳಿಬಿಟ್ಟಿದ್ದ. ಅದು ಕೈತಪ್ಪಿದರೆ ಸ್ಕೂಲು ಶುರುವಾಗಿ ಇನ್ನೂ ಒಂದು ವರ್ಷ ತಾಯಿ ಒಂದು ಕಡೆ, ಮಗಳು ಒಂದು ಕಡೆ.

ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾರಲು ಲಾಯರೇ ಬೇಕೆಂದೇನಿಲ್ಲ. ಆದರೆ ಕೊಳ್ಳುವವರು ಯಾವುದೋ ಟ್ರಸ್ಟಿನ ಹೆಸರಿನಲ್ಲಿ, ಲಾಯರನ್ನು ಮುಂದಿಟ್ಟುಕೊಂಡು ಬಂದರು. ಅವರಿಗಿದ್ದ ಮೇಲೆ ನಮಗೂ ಒಬ್ಬರಿರಲಿ ಎಂದು ಉದಯಶಂಕರ ಡೆಬ್ರಾ ಎಂಬುವಳನ್ನು ಹಿಡಿದ. ಇಬ್ಬರು ಲಾಯರುಗಳು ಸೇರಿದ ಮೇಲೆ ಕೇಳಬೇಕೆ? ಬೆಲೆ ಒಪ್ಪಿಗೆಯಾಗಿತ್ತು, ಬ್ಯಾಂಕಿನ ಸಾಲವೂ ಮಂಜೂರಾಗಿತ್ತು, ಸಹಿ ಮಾತ್ರ ಈ ವಾರ, ಮುಂದಿನ ವಾರ ಎಂದು ಜಾರುತ್ತಲೇ ಇತ್ತು.

"ಏನಂತ್ರೀ ಅವರದು?" ಎಂದು ನಿರುಪಮಾ ಗಂಡನಿಗೆ ಫೋನಿನಲ್ಲಿ ಕೇಳಿದಳು.

"ಏನೋ ಲಯಬಿಲಿಟಿ ಇಶ್ಯೂ ಅಂತೆ ಕಣೇ. ಡ್ರಾಫ್ಟ್ ಸರಿ ಮಾಡ್ತಾ ಇದಾರಂತೆ."

"ಯಾವುದರ ಲಯಬಿಲಿಟಿ?"

"ಅದೆಲ್ಲಾ ಲಾಯರ್‌ಗಳು ನೋಡ್ಕೋತಾರೆ, ನೀನು ತಲೆ ಕೆಡಿಸ್ಕೋಬೇಡ."

ತಲೆ ಕೆಡಿಸಿಕೊಳ್ಳದೆ ಇರುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಮರುದಿನ ಊಟದ ಹೊತ್ತಿಗೆ ನೇರ ಡೆಬ್ರಾಳಿಗೇ ಫೋನ್ ಮಾಡಿ, ಆ ಡ್ರಾಫ್ಟ್ ನನಗೂ ಬೇಕು ಎಂದು ಪಟ್ಟು ಹಿಡಿದಳು. ಡೆಬ್ರಾ ಒಲ್ಲದ ಮನಸ್ಸಿನಿಂದ ಕಳಿಸಿದಳು. ಅದರಲ್ಲಿದ್ದದ್ದು ಹೀಗೆ: ಆಗಸ್ಟ್ ಒಂದರ ಶುಕ್ರವಾರ ಬೆಳಿಗ್ಗೆ, ಸಹಿಗೆ ಮುನ್ನ, ಕೊಳ್ಳುವವರು ಅಡುಗೆಮನೆಯನ್ನು ಪ್ರವೇಶಿಸಿ, ಹೈನು ಮೂಲದ ದ್ರವವೊಂದನ್ನು ಪಾತ್ರೆಯ ಅಂಚು ಮೀರಿ ಹರಿಯುವವರೆಗೆ ಉದ್ದೇಶಪೂರ್ವಕವಾಗಿ ಕಾಯಿಸತಕ್ಕದ್ದು. ಕೆಳಗೆ ಡೆಬ್ರಾಳ ತಕರಾರುಗಳು. ಗ್ಯಾಸ್ ಒಲೆ ಆರಿ ಅನಾಹುತವಾದರೆ ಯಾರು ಹೊಣೆ? ವಿಮೆ ಯಾರದು? ದ್ರವವು ಪೂರ್ವ ದಿಕ್ಕಿಗೇ ಹರಿಯಬೇಕೆಂಬ ಬೇಡಿಕೆಯ ಹಿಂದಿನ ಉದ್ದೇಶವೇನು? ಕೊಳ್ಳುವ ಮೊದಲೇ ಮನೆ ಹಾಳುಮಾಡಲು ಅನುಮತಿ ಕೇಳುವ ಗಿರಾಕಿಗಳನ್ನು ತಾನು ಈವರೆಗೆ ಕಂಡಿಲ್ಲವೆಂದೂ ಅವಳು ಬರೆದಿದ್ದಳು.

ನಿರುಪಮಾ ಎರಡು ಸಲ ಓದಿದಳು. ಮೂರನೆಯ ಸಲ ಓದುವಾಗ ನಗು ತಡೆಯಲಾಗದೆ ಕಾಫಿ ನೆತ್ತಿಗೇರಿತು. ಹಾಲುಕ್ಕಿಸುವುದು! ಪಕ್ಕದ ಮೇಜಿನವನು ಹೆದರಿ ನೀರು ತಂದುಕೊಟ್ಟ.

ಕೊಳ್ಳುವವರು ನಮ್ಮವರೇ. ಆಷಾಢ ಕಳೆದು ಶ್ರಾವಣದ ಶುಕ್ರವಾರಕ್ಕೆ ಕಾದಿದ್ದಾರೆ, ಹಾಲುಕ್ಕದೆ ಸಹಿ ಹಾಕುವವರಲ್ಲ. ಅಷ್ಟು ತಿಳಿಯಿತು. ಆದರೆ ನೇರವಾಗಿ ಕೇಳಲು ಇವರಿಗೇನು ಬಂದಿತ್ತು ಧಾಡಿ? ಡ್ರಾಫ್ಟಿನಲ್ಲಿ ನಮ್ಮ ಹೆಸರುಗಳು ಕಾಣಲಿಲ್ಲವೇ? ಇದಕ್ಕೆ ಉತ್ತರ ಯಾವ ಕಾಗದದಲ್ಲೂ ಇರಲಿಲ್ಲ.

ಅವಳು ಮತ್ತೆ ಡೆಬ್ರಾಳಿಗೆ ಫೋನ್ ಮಾಡಿದಳು. ಷರತ್ತು, ವಿಮೆ ಎಲ್ಲವನ್ನೂ ಪಕ್ಕಕ್ಕಿಡಿ, ಅವರಿಗೆ ಒಂದೇ ಸಾಲು ಕಳಿಸಿ ಎಂದಳು: ಮನೆ ಇನ್ನೂ ನನ್ನದು, ಶುಕ್ರವಾರ ಬೆಳಿಗ್ಗೆ ನನ್ನ ಮನೆಗೆ ಕಾಫಿಗೆ ಬನ್ನಿ, ಬರುವಾಗ ಪಾತ್ರೆ ಮತ್ತು ಹಾಲು ತನ್ನಿ. ಇದಕ್ಕೆ ಕಾನೂನಿನಲ್ಲಿ ಯಾವ ಅರ್ಥವೂ ಇಲ್ಲ ಎಂದಳು ಡೆಬ್ರಾ. ಅದಕ್ಕೇ ಕಳಿಸಿ ಎಂದಳು ನಿರುಪಮಾ.

ಶುಕ್ರವಾರ ರಜೆ ಹಾಕಿ ಬಾಗಿಲು ತೆರೆದರೆ ಎದುರಿಗೆ ರೇಷ್ಮೆ ಸೀರೆಯುಟ್ಟ ಹೆಂಗಸು, ಕೈಯಲ್ಲಿ ಹೊಸ ಪಾತ್ರೆ. ಹಿಂದೆ, ಹಾಲಿನ ಕ್ಯಾನು ಹಿಡಿದ ಗಂಡ. ತುಳಸಿ ಮತ್ತು ಬಾಲಸುಬ್ರಹ್ಮಣ್ಯ, ಅಲ್ಲೇ ಹತ್ತಿರದ ಲಾ ಹೋಯಾದಲ್ಲಿ ಸಮುದ್ರದ ಬಗ್ಗೆ ಸಂಶೋಧನೆ ಮಾಡುವವರು.

"ಬನ್ನಿ ಬನ್ನಿ. ಒಂದು ಮಾತು ಕೇಳಿದ್ರೆ ಬೇಡ ಅಂತಿದ್ವೇನ್ರೀ ನಾವು?" ಎಂದು ನಿರುಪಮಾ ಹೊಸ್ತಿಲಲ್ಲೇ ಕೇಳಿಬಿಟ್ಟಳು.

ತುಳಸಿ ನಾಚಿಕೊಂಡಳು. "ಮನೆ ನೋಡೋಕ್ ಬಂದಾಗ ಎಲ್ಲೂ ಒಂದು ದೇವರ ಪಟ ಇರ್ಲಿಲ್ಲ. ದೇವರ ಕೋಣೆ ಥರಾ ಇರೋ ಜಾಗದಲ್ಲಿ ವ್ಯಾಕ್ಯೂಮ್ ಕ್ಲೀನರ್ ನಿಂತಿತ್ತು. ಇದನ್ನೆಲ್ಲಾ ಬಿಟ್ಟೋರು, ಹಾಲುಕ್ಕಿಸೋದು ಅಂದ್ರೆ ನಕ್ಕುಬಿಡ್ತಾರೆ ಅನ್ಕೊಂಡ್ವಿ. ಅದಕ್ಕೇ ಲಾಯರ್ ಕೈಲಿ ಕೇಳಿಸಿದ್ದು."

ಉದಯಶಂಕರ ನಾಲಿಗೆ ಕಚ್ಚಿಕೊಂಡ. ಎಲ್ಲ ಥರದ ಗಿರಾಕಿಗಳಿಗೂ ಹಿಡಿಸಬೇಕೆಂದು ಏಜೆಂಟ್ ಹೇಳಿದ್ದಕ್ಕೆ ಪಟಗಳನ್ನೆಲ್ಲ ಗರಾಜಿಗೆ ಸಾಗಿಸಿ, ವ್ಯಾಕ್ಯೂಮ್ ಕ್ಲೀನರನ್ನು ತಂದು ದೇವರ ಜಾಗದಲ್ಲಿ ನಿಲ್ಲಿಸಿದವನು ಅವನೇ.

ಹಾಲು ಉಕ್ಕಿತು, ತುಳಸಿಯ ಪುಣ್ಯಕ್ಕೆ ಪೂರ್ವದ ಕಡೆಗೇ. ಒಲೆ ಆರಿತು, ಯಾರೋ ತಿರುವಿ ಮತ್ತೆ ಹಚ್ಚಿದರು, ಅನಾಹುತವೇನೂ ಆಗಲಿಲ್ಲ. ಮಧ್ಯಾಹ್ನವೇ ಸಹಿ ಬಿತ್ತು. ಗಡುವು ಮುಗಿಯುವುದರೊಳಗೆ ಸ್ಯಾನ್ ಪೀಡ್ರೊದ ಬೀಗದ ಕೈ ಇವರ ಕೈಗೆ ಬಂತು.

ಹೊಸ ಮನೆಯ ಮೊದಲ ಭಾನುವಾರ. ಸಂಜೆಯಾಗುತ್ತಿದ್ದಂತೆ ಅಪೇಕ್ಷಾ ರಟ್ಟಿನ ಡಬ್ಬಗಳ ನಡುವೆ ದಾರಿ ಮಾಡಿಕೊಂಡು ತಾಯಿಯ ಚೀಲವನ್ನು ಎಳೆದು ತಂದು ಬಾಗಿಲ ಬಳಿ ಇಟ್ಟಳು. ಎರಡು ವರ್ಷದ ಅಭ್ಯಾಸ.

"ಅಮ್ಮಾ, ಯು ವಿಲ್ ಬಿ ಲೇಟ್."

"ಎಲ್ಲಿಗೆ ಪುಟ್ಟೀ?" ಎಂದಳು ನಿರುಪಮಾ.

ಮಗು ಚೀಲವನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿತು. ಆಮೇಲೆ ಓಡಿಬಂದು ಅವಳ ಸೊಂಟವನ್ನು ಬಿಗಿಯಾಗಿ ಹಿಡಿದುಕೊಂಡು ಅಳತೊಡಗಿತು. ನಿರುಪಮಾ ಒಂದೂ ಪ್ರಶ್ನೆ ಕೇಳಲಿಲ್ಲ.